ಕಾಡಿಗೆ ಮೇಕಪ್ಪಲ್ಲ

ಮಾರ್ಚ್ 4, ಮಂಗಳವಾರ

ಡಾಕ್ಟರು ನನಗೆ ಹೋಮ್‌ವರ್ಕ್ ಕೊಟ್ಟಿದ್ದಾರೆ. ದಿನಕ್ಕೆ ಎಷ್ಟು ಸಲ ತಲೆ ಸುತ್ತಿತು, ಎಷ್ಟು ಹೊತ್ತು ಸುತ್ತಿತು, ಹತ್ತಕ್ಕೆ ಎಷ್ಟು ಅಂಕ ಎಂದು ಬರೆದಿಡಬೇಕಂತೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪಾಂಡವಪುರದ ಮೇಷ್ಟ್ರು ಹತ್ತಕ್ಕೆ ಎರಡು ಕೊಟ್ಟು, ಅದೂ ದಾನ ಅನ್ನುತ್ತಿದ್ದರು. ಐವತ್ತನೇ ವಯಸ್ಸಿನಲ್ಲಿ ಅಂಕ ಹಾಕುವ ಕೆಲಸ ನನಗೇ ಬಂತು.

ಎರಡು ನೋಟ್‌ಬುಕ್ ತಂದೆ. ಸಣ್ಣದು ಡಾಕ್ಟರಿಗೆ ತೋರಿಸಲು, ಅದರಲ್ಲಿ ಬರೀ ಅಂಕ. ಈ ದಪ್ಪನೆಯದು ನನಗೆ. ಇದರಲ್ಲಿ ಕನ್ನಡ. ಡಾಕ್ಟರಿಗೆ ಕನ್ನಡ ಬರುವುದಿಲ್ಲ, ಮಗಳು ಪೂರ್ವಿಗೆ ಓದಲು ಬರುವುದಿಲ್ಲ, ಇವರು ಬಸ್ಸಿನ ಪಾರ್ಟ್ಸ್ ಪುಸ್ತಕ ಬಿಟ್ಟು ಬೇರೇನೂ ಓದುವುದಿಲ್ಲ. ಇಷ್ಟು ಭದ್ರವಾದ ಲಾಕರ್ ಯಾವ ಬ್ಯಾಂಕಿನಲ್ಲೂ ಸಿಗದು.

ಆದದ್ದು ಇಷ್ಟು. ನಾನು ಈ ಪರದೇಶದಲ್ಲಿ ಸಿಟಿ ಬಸ್ ಡ್ರೈವರು. ಕಳೆದ ಗುರುವಾರ ಬೆಳಗಿನ ಟ್ರಿಪ್ಪು. ಹಿಲ್ಸ್‌ಬರೋ ರೋಡಿನಲ್ಲಿ ಬಸ್ ಬಿಡುತ್ತಿದ್ದೆ. ಎಡಗಡೆ ಕನ್ನಡಿ ನೋಡಲು ತಲೆ ತಿರುಗಿಸಿದೆ. ತಲೆ ನಿಂತಿತು, ರಸ್ತೆ ನಿಲ್ಲಲಿಲ್ಲ. ಗಿರಗಿಟ್ಲೆ ಹಾಗೆ ತಿರುಗುತ್ತಲೇ ಹೋಯಿತು. ಹೇಗೋ ಪಕ್ಕಕ್ಕೆ ತಂದು, ಬ್ರೇಕ್ ಹಾಕಿ, ನಾಲ್ಕೂ ಲೈಟು ಮಿಣುಕಿಸಿ, ಸ್ಟೇರಿಂಗ್ ಅಪ್ಪಿಕೊಂಡು ಕೂತೆ. ಹದಿನಾಲ್ಕು ಜನ ಇದ್ದರು. ಮುಂದಿನ ಸೀಟಿನ ವಿಶ್ವೇಶ್ವರ ಅಂಕಲ್, ದಿನಾ ಲೈಬ್ರರಿಗೆ ಹೋಗುವ ಮೈಸೂರಿನ ಹಿರಿಯರು, ಎದ್ದು ಬಂದು ಶುಂಠಿ ಪೆಪ್ಪರ್‌ಮಿಂಟು ಚಾಚಿದರು.

"ತಗೊಳ್ಳಮ್ಮ ಜಯಮ್ಮ, ಬಾಯಲ್ಲಿ ಇಟ್ಕೋ."

"ಬಸ್ಸಿಗೂ ಒಂದು ಕೊಡಿ ಅಂಕಲ್, ಅದೂ ಸುತ್ತುತಾ ಐತೆ" ಅಂದೆ. ಎಲ್ಲರೂ ನಕ್ಕರು. ನಾನು ಸ್ಟೇರಿಂಗ್ ಮಾತ್ರ ಬಿಡಲಿಲ್ಲ.

ಡಾಕ್ಟರ ಹತ್ತಿರ "ಮೈ ಹೆಡ್ ಈಸ್ ಟರ್ನಿಂಗ್" ಅಂದೆ. ನೀನು ತಿರುಗಿಸುತ್ತೀಯೋ ಅದೇ ತಿರುಗುತ್ತದೋ ಎಂದು ಕೇಳಿದರು. ಊರಿನಲ್ಲಿ ಅವಳಿಗೆ ತಲೆ ತಿರುಗಿದೆ ಅಂದರೆ ಸೊಕ್ಕು ಬಂದಿದೆ ಎಂದರ್ಥ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ, ಅವರೊಂದು ಒಳ್ಳೆಯ ಜೋಕ್ ಕಳೆದುಕೊಂಡರು. ಕಿವಿಯ ಒಳಗೆ ತೂಕ ಹಿಡಿಯುವ ಒಂದು ಯಂತ್ರ ಇದೆಯಂತೆ, ಅದು ಕೆಟ್ಟಿರಬಹುದಂತೆ. ಪರೀಕ್ಷೆ ಆಗುವವರೆಗೆ ಬಸ್ ಮುಟ್ಟಬಾರದು.

ಸಣ್ಣ ಪುಸ್ತಕದಲ್ಲಿ ಇವತ್ತಿನ ಅಂಕ: ಎರಡು. ನಿಜದ ಅಂಕ: ಏಳು.

ಇವರಿಗೆ ಹೇಳಿಲ್ಲ. ರಜೆ ಉಳಿದಿತ್ತು, ತೆಗೆದುಕೊಂಡೆ ಅಂದಿದ್ದೇನೆ.

ಮಾರ್ಚ್ 7, ಶುಕ್ರವಾರ

ಹತ್ತು ವರ್ಷದಲ್ಲಿ ಮೊದಲ ಸಲ ಪ್ಯಾಸೆಂಜರ್ ಆಗಿ ಬಸ್ ಹತ್ತಿದೆ. ಡ್ರೈವರ್ ಧೀರಜ್, ನಮ್ಮ ಡಿಪೋದವನೇ. ನಾನು ಹಿಂದೆ ಕೂತು ಪ್ರತಿ ಸಿಗ್ನಲ್ಲಿಗೂ ಬ್ರೇಕ್ ತುಳಿದೆ. ಮೌಂಟ್ ರಾಸ್ಕಿಲ್ ಬರುವಷ್ಟರಲ್ಲಿ ಬಲಗಾಲು ನೋವು. ಇಳಿಯುವಾಗ "ಥ್ಯಾಂಕ್ಯೂ ಡ್ರೈವರ್" ಅಂದೆ. ದಿನಕ್ಕೆ ಮುನ್ನೂರು ಸಲ ಕೇಳಿಸಿಕೊಂಡ ಮಾತು, ಹೇಳುವುದು ಕಷ್ಟವೇ.

ಸಣ್ಣ ಪುಸ್ತಕ: ಎರಡು. ನಿಜ: ಐದು.

ಮಾರ್ಚ್ 14, ಶುಕ್ರವಾರ

ಇವತ್ತು ಪರೀಕ್ಷೆ. ಕ್ಲಿನಿಕ್ಕಿನ ಕಾಗದವನ್ನು ಬೆಳಿಗ್ಗೆ ಪೂರ್ವಿ ಓದಿದಳು. ಅವಳಿಗೆ ಕಣ್ಣಿನ ಪರೀಕ್ಷೆ ಅಂತ ಹೇಳಿದ್ದೆ, ಅದು ಅರ್ಧ ನಿಜ.

"ನೋ ಮೇಕಪ್ ಅಂತೆ ಅಮ್ಮ."

"ನಾನ್ಯಾವತ್ತು ಹಾಕಿದ್ದೆ?"

"ಜಸ್ಟ್ ಸೇಯಿಂಗ್."

ಆದರೂ ಜಾಗ್ರತೆ ಇರಲಿ ಎಂದು ಪೌಡರ್ ಹಾಕಲಿಲ್ಲ. ಹಣೆಯ ದೊಡ್ಡ ಸ್ಟಿಕ್ಕರ್ ತೆಗೆದು ಸಾಸಿವೆಯಷ್ಟು ಚಿಕ್ಕದು ಇಟ್ಟೆ. ತುಟಿಗೆ ಹಚ್ಚುವ ವ್ಯಾಸಲೀನೂ ಬೇಡ ಅಂದುಕೊಂಡೆ. ಕಾಡಿಗೆ ತೀಡಿಕೊಂಡು ಹೊರಟೆ.

ಪರೀಕ್ಷೆ ಮಾಡಿದವರು ಹೆಲೆನ್. ಈಜಲು ಹೋಗುವವರು ಹಾಕುವಂಥ ಕನ್ನಡಕವನ್ನು ಮುಖಕ್ಕೆ ಬಿಗಿದರು. ಅದರಲ್ಲಿ ಕ್ಯಾಮೆರಾ ಇದೆ. ಎದುರು ಗೋಡೆಯ ಮೇಲೆ ಒಂದು ಚುಕ್ಕೆ. ನಾನು ಚುಕ್ಕೆಯನ್ನೇ ನೋಡುತ್ತಿರಬೇಕು, ಅವರು ಹಿಂದೆ ನಿಂತು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೇಳದೆ ಕೇಳದೆ ಟಕ್ಕನೆ ಎಡಕ್ಕೋ ಬಲಕ್ಕೋ ತಿರುಗಿಸುತ್ತಾರೆ. ಸಂತೆಯಲ್ಲಿ ಕುರಿಯ ತಲೆ ಹಿಡಿದು ಹಲ್ಲು ನೋಡುತ್ತಾರಲ್ಲ, ಹಾಗೆ. ಕುರಿ ಯಾಕೆ ಸುಮ್ಮನೆ ನಿಂತಿರುತ್ತದೆ ಎಂದು ಇವತ್ತು ತಿಳಿಯಿತು. ಅದಕ್ಕೆ ಕತ್ತು ಎಲ್ಲಿದೆ ಎಂದೇ ಮರೆತುಹೋಗಿರುತ್ತದೆ.

ಕನ್ನಡಕ ಹಾಕುವ ಮೊದಲು ಹೆಲೆನ್ ಹತ್ತಿರ ಬಂದು ನನ್ನ ಕಣ್ಣು ನೋಡಿದರು.

"ಮೇಕಪ್?"

"ನೋ, ನೋ."

ಕಣ್ಣಂಚಿನ ಕಡೆ ಬೆರಳು ತೋರಿಸಿ, ಇದು ನ್ಯಾಚುರಲ್ಲೇ ಎಂದು ಕೇಳಿದರು.

"ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್" ಅಂದೆ.

ಸುಳ್ಳೇನಿಲ್ಲ. ಅಂಗಡಿಯ ಕಡ್ಡಿಯನ್ನು ನಾನು ಮುಟ್ಟುವುದಿಲ್ಲ. ಹರಳೆಣ್ಣೆ, ಹತ್ತಿಬತ್ತಿ, ತುಪ್ಪ, ಇಷ್ಟೇ. ಅವರು "ಲಕ್ಕಿ ಯೂ" ಅಂದರು. ಹೆಂಗಸರಲ್ಲಿ ಹೀಗೆ ಮೆಚ್ಚಿಕೊಳ್ಳುವ ಗುಣ ಕಡಿಮೆ, ನನಗೆ ಖುಷಿಯಾಯಿತು.

"ರೆಡಿ?" ಅಂದಾಗೆಲ್ಲ ನಾನು ತಲೆ ಅಲ್ಲಾಡಿಸಿ ಆಯ್ತು ಅನ್ನುತ್ತಿದ್ದೆ. ಯಂತ್ರ ಕೀ ಅನ್ನುತ್ತಿತ್ತು. ಬಾಯಲ್ಲಿ ಹೇಳಿ ಸಾಕು ಅಂದರು. ಐವತ್ತು ವರ್ಷದ ಅಭ್ಯಾಸ, ಬಾಯಿಗಿಂತ ತಲೆ ಮುಂದೆ.

ಸಣ್ಣ ಪುಸ್ತಕ: ಎರಡು. ನಿಜ: ನಾಲ್ಕು, ಕತ್ತು ನೋವು ಬೇರೆ.

ಮಾರ್ಚ್ 18, ಮಂಗಳವಾರ

ಎರಡೂ ಕಿವಿ ವೀಕ್ ಅಂತೆ. ಆರು ತಿಂಗಳು ಬಸ್ ಇಲ್ಲ. ಆಮೇಲೂ ಗ್ಯಾರಂಟಿ ಇಲ್ಲವಂತೆ.

ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮಾರ್ಚ್ 21, ಶುಕ್ರವಾರ

ಡಾಕ್ಟರ ಹತ್ತಿರ ಹೋಗಿದ್ದೆ. ಅವರ ಕೋಣೆಯಲ್ಲಿ ಒಂದು ಕಾಲಿನ ಮೇಲೆ ನಿಲ್ಲಿಸಿದರು, ನಿಂತೆ. ಕಣ್ಣು ಮುಚ್ಚಿ ನಡೆಸಿದರು, ಸ್ವಲ್ಪ ಎಡಕ್ಕೆ ವಾಲಿದೆ ಅಷ್ಟೇ. ಎರಡೂ ಕಿವಿ ಕೆಟ್ಟವಳು ಹೀಗೆ ನಡೆಯಲಾರಳು, ಕಾಗದಕ್ಕೂ ನಿನಗೂ ಹೊಂದಾಣಿಕೆ ಇಲ್ಲ ಅಂದರು. ನನ್ನ ಜಾತಕಕ್ಕೂ ಇವರ ಜಾತಕಕ್ಕೂ ಇರಲಿಲ್ಲ, ಇಪ್ಪತ್ತೈದು ವರ್ಷ ಓಡಿದೆ ಎಂದು ಹೇಳಬೇಕೆನಿಸಿತು. ಇನ್ನೊಂದು ಸಲ, ಬೇರೆಯವರ ಕೈಯಲ್ಲಿ ಪರೀಕ್ಷೆ.

ಮಾರ್ಚ್ 30, ಭಾನುವಾರ. ಯುಗಾದಿ

ಸಿಕ್ಕಿಬಿದ್ದೆ.

ಕನ್ನಡದವರೆಲ್ಲ ಹಾಲ್ ಬಾಡಿಗೆಗೆ ತೆಗೆದುಕೊಂಡು ಹಬ್ಬ ಮಾಡಿದ್ದರು. ನಾನು ಸ್ಟೇಜಿನ ಮೇಲೆ ಮಿಮಿಕ್ರಿ ಮಾಡಿ, ಸ್ಟಾಪಿನಲ್ಲಿ ನಿಂತು ಬಸ್ ಹತ್ತದೆ ಫೋನ್ ನೋಡುವವರನ್ನೆಲ್ಲ ಅನುಕರಿಸಿ, ಚಪ್ಪಾಳೆ ಹೊಡೆಸಿಕೊಂಡು ಇಳಿದು ಬಂದೆ. ಊಟದ ಸಾಲಿನಲ್ಲಿ ವಿಶ್ವೇಶ್ವರ ಅಂಕಲ್.

"ಏನಮ್ಮ ಜಯಮ್ಮ, ತಲೆಸುತ್ತು ಹ್ಯಾಗಿದೆ? ಒಂದು ತಿಂಗಳಿಂದ ಆ ಹುಡುಗ ಧೀರಜನೇ ಬರ್ತಾನೆ, ತಿರುವಿನಲ್ಲಿ ನನ್ನ ಲೈಬ್ರರಿ ಪುಸ್ತಕ ಎಲ್ಲಾ ಕೆಳಗೆ."

ನನ್ನ ಪಕ್ಕದಲ್ಲೇ ಇವರು ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಗೆ ಹೋಳಿಗೆ ಬಿದ್ದರೂ ಇವರಿಗೆ ಗೊತ್ತಾಗಲಿಲ್ಲ.

ಇವರ ಹೆಸರು ಚಂದ್ರಹಾಸ, ಹೆಸರಲ್ಲಿ ಮಾತ್ರ ಹಾಸ. ಮನುಕಾವ್‌ನ ಒಂದು ಗ್ಯಾರೇಜಿನಲ್ಲಿ ದೊಡ್ಡ ಗಾಡಿಗಳ ಮೆಕ್ಯಾನಿಕ್. ಮದುವೆಯಾದಾಗಿನಿಂದ ನಾನು ಮಾತು, ಇವರು ಮೌನ, ಹೀಗೆ ಹಂಚಿಕೊಂಡಿದ್ದೇವೆ. ಕಾರಿನಲ್ಲಿ ಮನೆಗೆ ಬಂದೆವು. ಗೇಟಿನಲ್ಲಿ ಇಂಜಿನ್ ಆಫ್ ಮಾಡಿ ಕೇಳಿದರು.

"ಯಾಕೆ ಯೋಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಗಾಡಿ ಕೆಟ್ರೆ ಡ್ರೈವರು ಮೊದ್ಲು ಯಾರಿಗಮ್ಮಿ ಯೋಳೋದು?"

"ಪ್ಯಾಸೆಂಜರ್‌ಗೆ."

ಇವರು ನಗಲಿಲ್ಲ. "ಮೆಕ್ಯಾನಿಕ್‌ಗೆ" ಅಂದು ಇಳಿದು ಹೋದರು. ಹಿಂದಿನ ಸೀಟಿನಲ್ಲಿದ್ದ ಪೂರ್ವಿ ಇಯರ್‌ಫೋನ್ ತೆಗೆದು, "ಅಮ್ಮ, ಆರ್ ಯೂ ಸಿಕ್?" ಎಂದಳು. ಕಣ್ಣಿನ ಪರೀಕ್ಷೆ ಕಣ್ಣೀರಿನ ಪರೀಕ್ಷೆ ಆಗುವ ಹಾಗಿತ್ತು. "ಇಲ್ಲ ಕಣೆ, ನಿಮ್ಮಪ್ಪನ ಕಾರು ಓಡಿಸೋ ರೀತಿಗೆ ಎಂಥವರಿಗೂ ತಲೆ ಸುತ್ತುತದೆ" ಅಂದೆ.

ಏಪ್ರಿಲ್ 3, ಗುರುವಾರ

ಎರಡನೇ ಪರೀಕ್ಷೆ. ಈ ಸಲ ಟಿಮ್ ಎಂಬ ಎತ್ತರದ ಮನುಷ್ಯ. ಬಗ್ಗಿ ಬಗ್ಗಿ ಮಾತಾಡುತ್ತಾರೆ, ಕೈ ಬಲು ಮೃದು. ಕನ್ನಡಕದ ಪಟ್ಟಿ ನನ್ನ ತುರುಬಿನ ಮೇಲೆ ನಿಲ್ಲದೆ ಜಾರುತ್ತಿತ್ತು. ತುರುಬಿನ ಕೆಳಗೆ ಹಾಕಿದರೆ ಕಿವಿಗೆ, ಮೇಲೆ ಹಾಕಿದರೆ ಆಕಾಶಕ್ಕೆ. ಕೊನೆಗೆ ಹೇಗೋ ಕೂರಿಸಿದರು. ಬ್ಯಾಂಡ್ ಬಿಗಿ ಆಗಿದೆಯೇ ಅಂದಾಗ ತಲೆ ಅಲ್ಲಾಡಿಸಿದೆ. ಕನ್ನಡಕವೂ ಅಲ್ಲಾಡಿತು.

ಮುಗಿದ ಮೇಲೆ ಸ್ಕ್ರೀನಿನಲ್ಲಿ ನನ್ನ ಕಣ್ಣನ್ನೇ ನನಗೆ ತೋರಿಸಿದರು. ಹಲಸಿನ ಹಣ್ಣಿನಷ್ಟು ದೊಡ್ಡ ಕಣ್ಣು. ಕಪ್ಪು ಗುಡ್ಡೆಯ ಮೇಲೆ ಒಂದು ಹಸಿರು ಗುಣಾಕಾರದ ಗುರುತು ಕೂತಿರುತ್ತದೆ, ಕಣ್ಣು ಹೋದಲ್ಲಿ ಅದೂ ಹೋಗುತ್ತದೆ. ನಡುನಡುವೆ ಅದು ನೊಣದ ಹಾಗೆ ಹಾರಿ ಕಣ್ಣಿನ ಮೂಲೆಯಲ್ಲಿ ಕೂರುತ್ತಿತ್ತು. "ಈ ನೊಣಕ್ಕೆ ಮೂಲೆ ಇಷ್ಟ" ಅಂದೆ. ಟಿಮ್ ನಕ್ಕರು.

ಏಪ್ರಿಲ್ 8, ಮಂಗಳವಾರ

ನಾರ್ಮಲ್. ನಾರ್ಮಲ್. ಎರಡೂ ಕಿವಿ ನಾರ್ಮಲ್. ಎಡ ನಾರ್ಮಲ್, ಬಲ ನಾರ್ಮಲ್, ಜಯಮ್ಮ ಒಬ್ಬಳೇ ಅಬ್‌ನಾರ್ಮಲ್.

ಫೋನ್ ಇಟ್ಟು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಎರಡನೇ ಸುತ್ತಿಗೆ ಫ್ರಿಜ್ ಹಿಡಿದುಕೊಂಡೆ, ಅದು ಸಂತೋಷದ ತಲೆಸುತ್ತು, ಲೆಕ್ಕಕ್ಕಿಲ್ಲ. ಕೇಸರಿಬಾತ್ ಮಾಡಿದೆ. ಪಕ್ಕದ ಮನೆಯ ಟೋಂಗಾದ ಅಜ್ಜಿಗೆ ಒಂದು ಡಬ್ಬಿ ಕೊಟ್ಟೆ, ಅವರು ಸೀಬೆಯ ಹಾಗಿರುವ ಫೀಜೋವಾ ಹಣ್ಣು ಒಂದು ಬಕೆಟ್ ಕೊಟ್ಟರು. ಅದರಲ್ಲಿ ಗೊಜ್ಜು ಮಾಡಿದೆ. ಡಾಕ್ಟರು ಫಿಟ್ ಎಂದು ಕಾಗದ ಕಳಿಸುತ್ತಾರಂತೆ, ಡಿಪೋಗೆ ಫೋನ್ ಮಾಡಿದೆ. ಮ್ಯಾನೇಜರ್ ರಮೇಶ್ ಫಿಜಿಯವರು, ನಮ್ಮ ಹಿಂದಿಗೂ ಅವರ ಹಿಂದಿಗೂ ಹಗ್ಗ ಕಟ್ಟಿ ಎಳೆಯಬೇಕು, ಆದರೂ ಸೋಮವಾರ ಅನ್ನುವುದು ಇಬ್ಬರಿಗೂ ಅರ್ಥವಾಯಿತು. ಹದಿನಾಲ್ಕನೇ ತಾರೀಖು, ಬೆಳಗಿನ ಟ್ರಿಪ್ಪು, ನನ್ನದೇ ರೂಟು.

ಇವರಿಗೆ ಹೇಳಿದೆ. ಎರಡನೇ ಸಲ ಕೇಸರಿಬಾತ್ ಹಾಕಿಸಿಕೊಂಡರು. ಇವರ ಭಾಷೆಯಲ್ಲಿ ಅದು ಭಾಷಣ.

ಸಣ್ಣ ಪುಸ್ತಕ: ಸೊನ್ನೆ. ಸೊನ್ನೆಗೆ ಎರಡು ಕಣ್ಣು, ಒಂದು ಬಾಯಿ ಬರೆದು ನಗಿಸಿದೆ.

ಏಪ್ರಿಲ್ 10, ಗುರುವಾರ

ಸೂಪರ್‌ಮಾರ್ಕೆಟ್ಟಿನಲ್ಲಿ ಬಿಸ್ಕತ್ತಿನ ಸಾಲು. ಎಡಕ್ಕೆ ತಿರುಗಿ ನೋಡಿದೆ. ಬಿಸ್ಕತ್ತುಗಳು ಸ್ವಲ್ಪ ದೂರ ನಡೆದು ಹೋಗಿ ವಾಪಸ್ ಬಂದವು. ಬಲಕ್ಕೆ ತಿರುಗಿದರೆ ಸುಮ್ಮನಿದ್ದವು. ಮತ್ತೆ ಎಡಕ್ಕೆ ತಿರುಗಿದೆ. ಮತ್ತೆ ವಾಕಿಂಗ್.

ಖಾಲಿ ಹೊಟ್ಟೆ ಇರಬೇಕು.

ಸಣ್ಣ ಪುಸ್ತಕ: ಸೊನ್ನೆ. ನಿಜ: ಮೂರು. ಮೂರೂವರೆ.

ಏಪ್ರಿಲ್ 12, ಶನಿವಾರ

ಸೋಮವಾರಕ್ಕೆ ಹೊಸ ಕಾಡಿಗೆ ಇರಲಿ ಎಂದು ಇವತ್ತು ಮಾಡಲು ಕೂತೆ. ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಕವುಚಿ, ಮಸಿ ಕೂರಲು ಬಿಟ್ಟೆ. ಕಿಟಕಿ ತೆರೆಯುವುದು ಮರೆತೆ. ಸ್ಮೋಕ್ ಅಲಾರ್ಮ್ ಊರು ಒಂದಾಗುವ ಹಾಗೆ ಅರಚಿತು. ಪೂರ್ವಿ ಕುರ್ಚಿ ಹತ್ತಿ ಟವೆಲ್ ಬೀಸಿದಳು.

"ಅಮ್ಮ, ಯೂ ಕ್ಯಾನ್ ಬೈ ಐಲೈನರ್. ಲೈಕ್ ನಾರ್ಮಲ್ ಪೀಪಲ್."

"ಅದು ಮೇಕಪ್ ಕಣೆ. ಇದು ಕಾಡಿಗೆ."

"ವಾಟ್ಸ್ ದ ಡಿಫರೆನ್ಸ್?"

ನಮ್ಮವ್ವ ನನಗೆ ತೊಟ್ಟಿಲಲ್ಲೇ ಹಚ್ಚಿದ್ದಳು, ಹಾಲು ಕುಡಿಯುವ ಮಗುವಿಗೆ ಯಾರಾದರೂ ಮೇಕಪ್ ಮಾಡುತ್ತಾರೆಯೇ, ಎಂದೆಲ್ಲ ಹೇಳಿದೆ. ಅವಳು ಭುಜ ಕುಣಿಸಿ ಹೋದಳು. ನಾನು ಮಸಿಗೆ ತುಪ್ಪ ಹಾಕಿ ಕಲಸಿ, ಬೆರಳಲ್ಲಿ ತೆಗೆದು, ಕನ್ನಡಿ ಮುಂದೆ ನಿಂತು ಕೆಳರೆಪ್ಪೆಗೆ ಎಳೆದೆ. ಬೆರಳು ಕಣ್ಣಿನ ಮೂಲೆಗೆ ಬಂದು ನಿಂತಿತು. ದಿನಾ ಅಲ್ಲೇ ನಿಲ್ಲುತ್ತದೆ, ಅಲ್ಲಿ ಒಂದು ಚುಕ್ಕೆ ಹೆಚ್ಚು ಕಪ್ಪು.

ನೊಣ ಕೂತಿದ್ದು ಅಲ್ಲೇ.

ಆ ಯಂತ್ರ ಕಣ್ಣಲ್ಲಿ ಕಪ್ಪು ಎಲ್ಲಿದೆ ಎಂದು ಹುಡುಕುತ್ತದೆ. ನನ್ನ ಕಣ್ಣಲ್ಲಿ ಅದಕ್ಕೆ ಎರಡು ಕಪ್ಪು ಸಿಕ್ಕಿದೆ. ಒಂದು ದೇವರು ಇಟ್ಟಿದ್ದು, ಒಂದು ನಾನು ಇಟ್ಟಿದ್ದು. ಕಾಗದದಲ್ಲಿ ನೋ ಮೇಕಪ್ ಅಂತ ಬರೆದಿದ್ದು ನನ್ನ ಮೂಗಿಗಲ್ಲ, ಕಣ್ಣಿಗೆ.

ಮೊದಲು ಬಿದ್ದು ಬಿದ್ದು ನಕ್ಕೆ. ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್. ಹಾಗಾದರೆ ಮೊದಲ ಪರೀಕ್ಷೆ ಸುಳ್ಳು, ನನ್ನ ಕಿವಿ ಎರಡೂ ಕೆಟ್ಟೇ ಇರಲಿಲ್ಲ. ಕೈ ತೊಳೆಯಲು ನಲ್ಲಿ ಬಿಟ್ಟಾಗ ನಗು ನಿಂತಿತು. ಎರಡನೇ ಸಲವೂ ಕಾಡಿಗೆ ಇತ್ತು.

ಚೌಕಾಬಾರದಲ್ಲಿ ಕವಡೆ ಚಾಪೆಯಿಂದ ಹೊರಗೆ ಬಿದ್ದರೆ ಆಟ ಲೆಕ್ಕಕ್ಕಿಲ್ಲ. ಒಂದು ಬಿದ್ದರೂ ಇಲ್ಲ, ಎಂಟು ಬಿದ್ದರೂ ಇಲ್ಲ. ಎಂಟು ಬಿದ್ದಾಗ ಮಾತ್ರ ಚಾಪೆ ಎಳೆದು ಒಳಗೆ ಸೇರಿಸಿಕೊಳ್ಳುತ್ತಿದ್ದಳು ನಮ್ಮಕ್ಕ. ಅವಳ ಜೊತೆ ನಾನು ಎಷ್ಟು ಜಗಳ ಆಡಿದ್ದೆ.

ಸಣ್ಣ ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಏಪ್ರಿಲ್ 13, ಭಾನುವಾರ

ಬೆಳಿಗ್ಗೆಯಿಂದ ಯೂನಿಫಾರ್ಮ್ ಇಸ್ತ್ರಿ ಮಾಡಿದ್ದೇ ಮಾಡಿದ್ದು. ಮೂರನೇ ಸಲ ಇಸ್ತ್ರಿ ಹಾಕುವಾಗ ಇವರು ಬಂದು ಪ್ಲಗ್ ಕಿತ್ತರು.

"ಸುಟ್ಟೋಯ್ತದೆ. ಏನಾಯ್ತು ಯೋಳು."

ಎಲ್ಲಾ ಹೇಳಿದೆ. ಕಾಡಿಗೆ, ನೊಣ, ಬಿಸ್ಕತ್ತಿನ ವಾಕಿಂಗ್. ಇವರು ಗೋಡೆಗೆ ಒರಗಿ ಕೇಳಿಸಿಕೊಂಡರು.

"ಕಾಗ್ದದಲ್ಲಿ ಫಿಟ್ ಅಂತ ಬರ್ದವ್ರಲ್ಲ" ಅಂದರು. ನನಗೆ ಬೇಜಾರಾಗದಿರಲಿ ಅಂತ ಹೇಳಿದ್ದು, ಗೊತ್ತಿದೆ.

"ರೀ, ಒಂದು ಗಾಡಿ ಬತ್ತದೆ. ಬ್ರೇಕ್ ಟೆಸ್ಟ್ ಮಾಡ್ತೀರ. ಒಂದು ಸಲ ಇಡಿಯಲ್ಲ. ಇನ್ನೊಂದು ಸಲ ಚೆನ್ನಾಗಿ ಇಡೀತದೆ. ಆಚೆಗೆ ಬುಡ್ತೀರಾ?"

ಇವರು ಇಸ್ತ್ರಿಪೆಟ್ಟಿಗೆಯ ವೈರು ಸುತ್ತತೊಡಗಿದರು.

"ಯೋಳಿ. ಹದಿನಾಲ್ಕು ಜನ ಕುಂತವ್ರೆ ಒಳಗೆ."

"ಕೆಂಪು ಚೀಟಿ ಕಟ್ತೀನಿ" ಅಂದರು. "ಎರಡು ಸಲ ಎರಡು ತರ ಬಂದ್ರೆ ಮೂರ್ನೇ ಸಲ ನೋಡೋಗಂಟ ಕೆಂಪು ಚೀಟಿ."

ನಾನು ಯೂನಿಫಾರ್ಮನ್ನು ಹ್ಯಾಂಗರಿಗೆ ಹಾಕಿದೆ. ಇವರು ಅಜ್ಜಿಯ ಬಕೆಟ್ಟಿನಿಂದ ಫೀಜೋವಾ ಹಣ್ಣು ಆರಿಸಿ ಕತ್ತರಿಸಿ ತಂದು, ಚಮಚದ ಜೊತೆ ನನ್ನ ಮುಂದೆ ಇಟ್ಟರು. ಹುಳಿ ಇತ್ತು. ಎಲ್ಲಾ ತಿಂದೆ.

ಏಪ್ರಿಲ್ 14, ಸೋಮವಾರ

ಮೊದಲು ಡಿಪೋಗೆ, ಆಮೇಲೆ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ರಮೇಶ್‌ಗೆ ಅರ್ಥ ಮಾಡಿಸಲು ಕಾಲು ಗಂಟೆ. ಫಿಟ್ ಕಾಗದ ಬೇಡ ಎಂದು ವಾಪಸ್ ಕೊಡುವ ಡ್ರೈವರನ್ನು ತಾನು ಈಗಲೇ ನೋಡುತ್ತಿರುವುದು ಅಂದರು. "ಕಾಗದ ಫಿಟ್ ಇದೆ ಸಾರ್, ಡ್ರೈವರ್ ಗೊತ್ತಿಲ್ಲ" ಅಂದೆ. ಕೆಲಸದ ಜಾಗ ಹಾಗೇ ಇರುತ್ತದೆ, ಧೀರಜ್ ಇನ್ನಷ್ಟು ದಿನ ಪುಸ್ತಕ ಬೀಳಿಸಲಿ ಅಂದರು. ವಿಶ್ವೇಶ್ವರ ಅಂಕಲ್ ರಮೇಶ್‌ಗೂ ದೂರು ಕೊಟ್ಟಿದ್ದಾರೆ.

ಕ್ಲಿನಿಕ್ಕಿನ ಹುಡುಗಿ ಕಾಡಿಗೆಯ ಕಥೆ ಕೇಳಿ, ನಮ್ಮಲ್ಲಿ ಒಬ್ಬರು ಕನ್ನಡದವರು ಇದ್ದಾರೆ, ಅವರ ಹತ್ತಿರವೇ ಹಾಕಲೇ ಅಂದಳು.

ಏಪ್ರಿಲ್ 24, ಗುರುವಾರ

ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಲ್ಲಿ ತೊಳೆದು, ಮತ್ತೆ ಎಣ್ಣೆ, ಮತ್ತೆ ಹಿಟ್ಟು. ಐವತ್ತು ವರ್ಷದ ಮಸಿ ಒಂದೇ ದಿನಕ್ಕೆ ಹೋಗುತ್ತದೆಯೇ. ಕನ್ನಡಿಯಲ್ಲಿ ಯಾರೋ ಬೇರೆ ಹೆಂಗಸು, ಜ್ವರದಿಂದ ಎದ್ದವಳ ಹಾಗೆ. ಅವಳಿಗೆ ನಮಸ್ಕಾರ ಮಾಡಿದೆ. ಪೂರ್ವಿ ದಿಟ್ಟಿಸಿ ನೋಡಿ, "ಯೂ ಲುಕ್ ಲೈಕ್ ಅಜ್ಜಿ" ಅಂದಳು. ನನಗೆ ಕೋಪ ಬರಬೇಕಿತ್ತು, ಅವ್ವ ನೆನಪಾದಳು. ಇವತ್ತು ಶಾಲೆಗೆ ರಜೆ, ಅವಳೇ ನನ್ನ ಜೊತೆ ಬಂದಳು, ನಾನು ಕರೆದಿರಲಿಲ್ಲ.

ಕ್ಲಿನಿಕ್ಕಿನಲ್ಲಿ ನವ್ಯಾ. ಮೈಸೂರಿನಲ್ಲಿ ಇದನ್ನೇ ಓದಿ, ಇಲ್ಲಿಗೆ ಬಂದು ಮತ್ತೆ ಓದಿದ ಹುಡುಗಿ. ನನ್ನ ಕಣ್ಣನ್ನು ಟಾರ್ಚ್ ಬಿಟ್ಟು ನೋಡಿ, "ಕಾಡಿಗೆ ಪೂರ್ತಿ ಹೋಗಿದೆ ಆಂಟಿ. ಈಗ ತುರುಬು ಬಿಚ್ಚಿ" ಅಂದಳು.

"ತುರುಬು ಏನು ಪಾಪ ಮಾಡ್ತು?"

"ಪಟ್ಟಿ ಜಾರಿದ್ರೆ ಕನ್ನಡಕ ಅಲ್ಲಾಡುತ್ತೆ. ಆಗ ಕಣ್ಣು ಅಲ್ಲಾಡಿದ ಹಾಗೇ ಯಂತ್ರಕ್ಕೆ ಕಾಣುತ್ತೆ, ಕೆಟ್ಟಿರೋ ಕಿವಿನೂ ಚೆನ್ನಾಗಿದೆ ಅನ್ನುತ್ತೆ."

ಹಾಗಾದರೆ ಕಾಡಿಗೆ ನನ್ನನ್ನು ಫೇಲ್ ಮಾಡಿತ್ತು, ತುರುಬು ಪಾಸ್ ಮಾಡಿತ್ತು. ಜಯಮ್ಮನನ್ನು ಯಾರೂ ಪರೀಕ್ಷೆಯನ್ನೇ ಮಾಡಿರಲಿಲ್ಲ.

"ಈ ಯಂತ್ರ ಸುಳ್ಳು ಯೋಳ್ತದಾ ಮಗ?"

"ಸುಳ್ಳು ಹೇಳಲ್ಲ ಆಂಟಿ, ಪಾಪ. ನಾವು ಏನು ತೋರಿಸ್ತೀವೋ ಅದನ್ನ ಹೇಳುತ್ತೆ. ಅದಕ್ಕೇ ನಾನು ಒಂದೊಂದು ಕಡೆಗೆ ಇಪ್ಪತ್ತು ಸಲ ತಿರುಗಿಸ್ತೀನಿ, ನೀವು ರೆಪ್ಪೆ ಬಡಿದಿದ್ದು, ಕತ್ತು ಬಿಗಿ ಹಿಡಿದಿದ್ದು ಎಲ್ಲಾ ತೆಗೆದುಹಾಕ್ತೀನಿ. ಉಳಿದಿದ್ದನ್ನ ಮಾತ್ರ ನಂಬೋದು."

ಏನು ನೋಡುತ್ತಾರೆ ಎಂದು ಈಗ ತಿಳಿಯಿತು. ತಲೆ ಎಡಕ್ಕೆ ಹೋದರೆ ಕಣ್ಣು ತಾನಾಗಿ ಅಷ್ಟೇ ಬಲಕ್ಕೆ ಹೋಗಿ ಚುಕ್ಕೆಯನ್ನು ಹಿಡಿದುಕೊಂಡಿರಬೇಕು. ಬಸ್ಸು ತಿರುವಿನಲ್ಲಿ ವಾಲಿದರೂ ಕಂಬಿ ಹಿಡಿದವರು ನೆಟ್ಟಗೆ ನಿಂತಿರುತ್ತಾರಲ್ಲ, ಹಾಗೆ. ಕಂಬಿ ಹಿಡಿಸುವುದು ಕಿವಿಯ ಕೆಲಸ. ಅದು ಸೋತರೆ ಕಣ್ಣು ಮೊದಲು ಜಾರಿ, ಆಮೇಲೆ ಓಡಿ ಬಂದು ಹಿಡಿದುಕೊಳ್ಳುತ್ತದೆ. ಆ ಜಾರಿದ ಹೊತ್ತಿನಲ್ಲೇ ಬಿಸ್ಕತ್ತು ನಡೆದಾಡುವುದು.

ಬಲಗಿವಿ ಚೆನ್ನಾಗಿದೆ. ಎಡಗಿವಿ ಸೋತಿದೆ, ಸತ್ತಿಲ್ಲ. ಫೆಬ್ರವರಿಯಲ್ಲಿ ಬಂದ ನೆಗಡಿ ಅದರ ನರಕ್ಕೆ ಪೆಟ್ಟು ಕೊಟ್ಟಿರಬೇಕಂತೆ. ಆ ಸೋಮವಾರ ನಾನು ಬಸ್ ಹತ್ತಿದ್ದರೆ ಎಡಗನ್ನಡಿ ನೋಡಿದಾಗಲೆಲ್ಲ ರಸ್ತೆ ಜಾರುತ್ತಿತ್ತು.

ಪೂರ್ವಿ ಕೇಳಿದಳು, "ವಿಲ್ ಶೀ ಡ್ರೈವ್ ಅಗೇನ್?" ನಾನು ಕೇಳಲು ಹೆದರಿದ್ದ ಪ್ರಶ್ನೆ.

ದಿನಾ ಮೂರು ಹೊತ್ತು, ಗೋಡೆಯ ಮೇಲೆ ಒಂದು ಅಕ್ಷರ ಅಂಟಿಸಿ, ಅದನ್ನೇ ನೋಡುತ್ತಾ ತಲೆ ಎಡಕ್ಕೆ ಬಲಕ್ಕೆ ಆಡಿಸಬೇಕು. ಮಿದುಳು ಹೊಸದಾಗಿ ಕಲಿಯುತ್ತದಂತೆ. ಏಳು ವಾರ ಬಿಟ್ಟು ನೋಡೋಣ, ಈಗಲೇ ಮಾತು ಕೊಡಲ್ಲ ಅಂದಳು ನವ್ಯಾ.

ಸಣ್ಣ ಪುಸ್ತಕ: ನಾಲ್ಕು. ಇಲ್ಲೂ: ನಾಲ್ಕು.

ಏಪ್ರಿಲ್ 26, ಶನಿವಾರ

ಗೋಡೆಗೆ ಅಂಟಿಸಲು ಒಂದು ಅಕ್ಷರ ಬರೆದುಕೊಡು ಎಂದು ಪೂರ್ವಿಗೆ ಹೇಳಿದ್ದೆ. ಇಂಗ್ಲಿಷಿನ ಎಕ್ಸ್ ಬರೆಯುತ್ತಾಳೆ ಅಂದುಕೊಂಡರೆ ಕಾರ್ಡಿನ ಮೇಲೆ ದಪ್ಪಗೆ 'ಠ' ಬರೆದು ತಂದಳು. ನಾನು ಕಾರ್ಡು ಕಸಿದುಕೊಂಡೆ.

"ನಿಂಗೆ ಕನ್ನಡ ಬರೆಯಕ್ಕೆ ಬತ್ತದಾ?"

"ಇದು ಕನ್ನಡನಾ? ಇಟ್ಸ್ ಆನ್ ಐ. ಎಲ್ಲರೂ ಚಾಟ್‌ನಲ್ಲಿ ಹಾಕ್ತಾರೆ. ಎರಡು ಹಾಕಿದ್ರೆ ಕೋಪದ ಮುಖ."

ಪ್ರಪಂಚದ ಹುಡುಗರೆಲ್ಲ ನಮ್ಮ ಠಕಾರವನ್ನು ಗುರಾಯಿಸುವ ಕಣ್ಣು ಎಂದು ಬಳಸುತ್ತಾರಂತೆ. ಮೇಷ್ಟ್ರು ಠ ತಪ್ಪು ಬರೆದದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಈಗ ಅದೇ ಠ ಗೋಡೆಯ ಮೇಲೆ ಕೂತು ನನ್ನನ್ನು ಗುರಾಯಿಸುತ್ತಿದೆ. ನಡುವಿನ ಚುಕ್ಕೆ ನೋಡಲು ಬಹಳ ಅನುಕೂಲ.

ಮೇ 6, ಮಂಗಳವಾರ

ಠ ನೋಡುತ್ತಾ ತಲೆ ಆಡಿಸುತ್ತಿದ್ದೆ. ಇವರು ಬಾಗಿಲಲ್ಲಿ ನಿಂತು, "ಇನ್ನೊಂದು ಲೋಟ ಕಾಫಿ ಸಿಗ್ತದಾ?" ಅಂದರು. ನಾನು ಆಡಿಸುತ್ತಲೇ ಇದ್ದೆ. ಬಹಳ ಹೊತ್ತು ನಿಂತಿದ್ದು, "ಇಲ್ಲ ಅಂತಿದ್ದೀಯೋ, ಎಕ್ಸರ್‌ಸೈಜೋ?" ಅಂದರು. ಎರಡೂ ಅಂದೆ. ತಾವೇ ಮಾಡಿಕೊಂಡರು. ನನಗೂ ಒಂದು ಲೋಟ.

ವಾಂತಿ ಬಂದ ಹಾಗಾಯಿತು. ಐದು.

ಮೇ 13, ಮಂಗಳವಾರ

ಪೂರ್ವಿ ಕಾರ್ಡ್ ಬದಲಾಯಿಸಿದ್ದಾಳೆ. ಠ ಬೋರ್ ಆಯಿತಂತೆ. ಇವತ್ತು 'ಅ'. ಬಾಲ ತಪ್ಪು ದಿಕ್ಕಿಗೆ ಹೋಗಿತ್ತು, ತಿದ್ದಿಸಿದೆ. ಹೀಗೆ ಬದಲಾಯಿಸಿದರೆ ನನ್ನ ಲೆಕ್ಕ ತಪ್ಪುತ್ತದೆ ಎಂದು ಬೈದೆ.

ನಾಲ್ಕು.

ಮೇ 22, ಗುರುವಾರ

ಡಾಕ್ಟರಿಗೆ ಸಣ್ಣ ಪುಸ್ತಕ ತೋರಿಸಿದೆ. ಹಳೆಯ ಹಾಳೆಗಳ ಎರಡು, ಎರಡು, ಸೊನ್ನೆ ಎಲ್ಲವನ್ನೂ ಹೊಡೆದು ಪಕ್ಕದಲ್ಲಿ ನಿಜದ್ದು ಬರೆದುಕೊಂಡು ಹೋಗಿದ್ದೆ. ಯಾಕೆ ಎಂದು ಕೇಳಿದರು. ಬ್ಯಾಂಡ್ ಜಾರಿತ್ತು ಅಂದೆ.

ಗೋಡೆಯ ಕಾರ್ಡು ಈಗ 'ಅಮ'. ಒತ್ತು ಬೇಕು ಕಣೆ ಅಂದರೆ, ಒತ್ತು ಎಲ್ಲಿ ಒತ್ತಬೇಕು ಎಂದು ಕೇಳುತ್ತಾಳೆ. ಊಟ ಆರಿಹೋಯಿತು.

ಮೂರು.

ಜೂನ್ 2, ಸೋಮವಾರ

ಬಿಸ್ಕತ್ತಿನ ಸಾಲಿಗೆ ಬೇಕೆಂದೇ ಹೋದೆ. ಎಡಕ್ಕೆ ತಿರುಗಿದೆ. ಒಂದು ಪೊಟ್ಟಣವೂ ಮಿಸುಕಲಿಲ್ಲ. ಇಷ್ಟು ಒಳ್ಳೆಯ ನಡತೆಗೆ ಎರಡು ಪೊಟ್ಟಣ ಕೊಂಡು ತಂದೆ.

ಒಂದು.

ಜೂನ್ 12, ಗುರುವಾರ

ಜಡೆ ಹೆಣೆದು ಮುಂದಕ್ಕೆ ಹಾಕಿಕೊಂಡು, ಬರಿಗಣ್ಣಿನಲ್ಲಿ ಹೋದೆ. ಮೊದಲು ನವ್ಯಾ ಪರೀಕ್ಷೆ ಮಾಡಿದಳು. ಆಮೇಲೆ ಅವಳ ಫಲಿತಾಂಶ ನೋಡದೆ ಟಿಮ್ ಮಾಡಿದರು, ಪಟ್ಟಿ ಎಳೆದೆಳೆದು ನೋಡಿದರು. ಇಬ್ಬರೂ ತಮ್ಮ ತಮ್ಮ ಕಾಗದ ಮೇಜಿನ ಮೇಲೆ ಇಟ್ಟರು, ಇಸ್ಪೀಟಿನಲ್ಲಿ ಎಲೆ ತೋರಿಸುವ ಹಾಗೆ.

ಎರಡೂ ಒಂದೇ. ಎಡಗಿವಿ ಮೊದಲಿನಷ್ಟಿಲ್ಲ, ಆದರೆ ಕಣ್ಣು ಜಾರುವುದಿಲ್ಲ. ಬಸ್ ಬಿಡಬಹುದು.

ಹೆಲೆನ್ ಬಾಗಿಲಲ್ಲಿ ಸಿಕ್ಕರು. ಈಗ ಇಲ್ಲಿ ಮೇಕಪ್ ಇದೆಯೇ ಎಂದು ಕೇಳುವುದಿಲ್ಲವಂತೆ, ಕಣ್ಣಿಗೆ ಏನಾದರೂ ಹಚ್ಚಿದ್ದೀರಾ ಎಂದು ಕೇಳುತ್ತಾರಂತೆ. ಕಾಗದದಲ್ಲೂ ಹಾಗೇ ಬದಲಾಯಿಸಿದ್ದಾರೆ. ಕಾಜಲ್ ಎಂದು ಸೇರಿಸಿದ್ದರು, ನಾನು ಪೆನ್ ಕೇಳಿ ಪಕ್ಕದಲ್ಲಿ ಕಾಡಿಗೆ ಎಂದು ಬರೆದೆ.

ಈ ಸಲ ಅಡುಗೆಮನೆಯಲ್ಲಿ ಎರಡು ಸುತ್ತು ಕುಣಿದೆ. ಫ್ರಿಜ್ ತನ್ನ ಪಾಡಿಗೆ ತಾನಿತ್ತು.

ಜೂನ್ 23, ಸೋಮವಾರ

ಬೆಳಿಗ್ಗೆ ಕಾಡಿಗೆ ತೀಡಿಕೊಂಡೆ. ಊಟದ ಡಬ್ಬಿಯ ಮೇಲೆ ಒಂದು ಕಾರ್ಡು ಅಂಟಿತ್ತು: 'ಅಮ್ಮ ಬಸು ಬಿಡು'. ಒತ್ತು ಒಂದು ಕಡೆ ಸರಿ, ಒಂದು ಕಡೆ ಇಲ್ಲ. ಸಂಜೆ ತಿದ್ದಿಸಬೇಕು.

ಇವರು ಡಿಪೋವರೆಗೆ ಬಿಟ್ಟು, ಕೆಳಗಿಳಿದು, ನನ್ನ ಬಸ್ಸಿನ ಟೈರನ್ನು ಒಂದೊಂದಾಗಿ ಒದ್ದು ನೋಡಿದರು. ಅದು ಇವರ ಗ್ಯಾರೇಜಿನ ಗಾಡಿಯೇ ಅಲ್ಲ. ಧೀರಜ್ ನೋಡುತ್ತಾ ನಿಂತಿದ್ದ.

"ತಲೆ ಸುತ್ತಿದ್ರೆ?" ಅಂದರು ಇವರು.

"ನಿಲ್ಲಿಸ್ತೀನಿ. ನಿಲ್ಲಿಸಿ ಮೊದ್ಲು ನಿಮಗೇ ಫೋನು."

ಮಂಜು ಕವಿದಿತ್ತು. ಹಿಲ್ಸ್‌ಬರೋ ರೋಡಿನಲ್ಲಿ ಅದೇ ಸ್ಟಾಪು. ವಿಶ್ವೇಶ್ವರ ಅಂಕಲ್ ಮಫ್ಲರ್ ಸುತ್ತಿಕೊಂಡು, ಪುಸ್ತಕದ ಚೀಲ ಎದೆಗವಚಿಕೊಂಡು ಹತ್ತಿದರು. ಬಸ್ ಕಾರ್ಡ್ ತೋರಿಸುವುದು ಮರೆತು ನನ್ನ ಮುಖ ನೋಡಿದರು.

"ಬಂದ್ಯಾ ತಾಯಿ. ಈಗ ಎಲ್ಲಾ ಸರಿಹೋಯ್ತೇನಮ್ಮ?"

ಎಡಗನ್ನಡಿ ನೋಡಿದೆ. ಬಲಗನ್ನಡಿ ನೋಡಿದೆ. ಬಾಯಿಗಿಂತ ಮೊದಲು, ಅಭ್ಯಾಸದಂತೆ, ಆಯ್ತು ಎಂದು ಜೋರಾಗಿ ತಲೆ ಅಲ್ಲಾಡಿಸಿದೆ.

ರಸ್ತೆ ಅಲ್ಲಾಡಲಿಲ್ಲ.